ಹೊಸ ಗೇಮಿಂಗ್ ಪಿಸಿ ಕಟ್ಟುತ್ತಿದ್ದೇನೆ, ಈ ಪಟ್ಟಿ ಸರಿಯಿದೆಯಾ ನೋಡಿ

ಹೊಸಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಲ್ಯಾಪ್‌ಟಾಪ್‌ನಲ್ಲೇ ಆಡುತ್ತಿದ್ದೆ. ಈಗ ಅದು ಬಿಸಿಯಾಗಿ ಕುಂಟುತ್ತಿದೆ. ಮೊದಲ ಸಲ ಡೆಸ್ಕ್‌ಟಾಪ್ ಕಟ್ಟುವ ಆಸೆ. ಸಿಕ್ಕಸಿಕ್ಕ ವಿಡಿಯೊ ನೋಡಿ ಹೀಗೊಂದು ಪಟ್ಟಿ ಮಾಡಿದ್ದೇನೆ.

ಪ್ರೊಸೆಸರ್ ರೈಜನ್ 9 9900ಎಕ್ಸ್. ಮದರ್‌ಬೋರ್ಡ್ ಎಕ್ಸ್870ಇ. ಅದಕ್ಕೆ 360 ಎಂಎಂ ಲಿಕ್ವಿಡ್ ಕೂಲರ್. ರ‍್ಯಾಮ್ 64 ಜಿಬಿ ಡಿಡಿಆರ್5, 16ರ ನಾಲ್ಕು ಸ್ಟಿಕ್, ಆರ್‌ಜಿಬಿ ಇರುವಂಥದ್ದು. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5060 ಟಿಐ, 8 ಜಿಬಿ. ಎಸ್‌ಎಸ್‌ಡಿ 2 ಟಿಬಿ, ಪಿಸಿಐಇ 5. ಪವರ್ ಸಪ್ಲೈ, ಕ್ಯಾಬಿನೆಟ್ ಎರಡೂ ಉಳಿದ ದುಡ್ಡಿನಲ್ಲಿ. ಮಾನಿಟರ್ ಹಳೆಯದೇ ಇದೆ, 24 ಇಂಚು, 1080ಪಿ, 60 ಹರ್ಟ್ಸ್.

ಆಡುವುದು ಸೈಬರ್‌ಪಂಕ್ 2077, ಬಾಲ್ಡರ್ಸ್ ಗೇಟ್ 3, ಸ್ನೇಹಿತರ ಜೊತೆ ಕೌಂಟರ್-ಸ್ಟ್ರೈಕ್ 2. ಒಟ್ಟು ಮೊತ್ತ ಇದಕ್ಕಿಂತ ಮೇಲೆ ಹೋಗುವ ಹಾಗಿಲ್ಲ. ಒಳಗೊಳಗೆ ಅತ್ತಿತ್ತ ಮಾಡಬಹುದು. ಎಲ್ಲಿ ಬದಲಿಸಬೇಕು ಹೇಳಿ.

ಹಳೇಹುಲಿ:
ಬೇಜಾರು ಮಾಡ್ಕೋಬೇಡಿ, ಪಟ್ಟಿ ತಲೆಕೆಳಗಾಗಿದೆ. ತುಂಬಾ ಜನ ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ, ಕೊನೆಗೆ ಕಾರ್ಡ್‌ಗೆ ಬರುವಾಗ ಜೇಬು ಖಾಲಿ. ನೀವು ಪರದೆಯಿಂದ ಶುರು ಮಾಡಿ.

ಲೆಕ್ಕ ನೋಡಿ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್. 1440ಪಿಯಲ್ಲಿ 36.9 ಲಕ್ಷ. 4ಕೆಯಲ್ಲಿ 83 ಲಕ್ಷ. ಪ್ರತಿ ಫ್ರೇಮಿಗೂ ಇಷ್ಟು ಚುಕ್ಕಿಗಳಿಗೆ ಬಣ್ಣ ಹಾಕುವುದು ಗ್ರಾಫಿಕ್ಸ್ ಕಾರ್ಡ್. ಪ್ರೊಸೆಸರ್ ಕೆಲಸ ಬೇರೆ: ಯಾರು ಎಲ್ಲಿದ್ದಾರೆ, ಗುಂಡು ಎಲ್ಲಿ ತಾಗಿತು, ಬಾಗಿಲು ತೆರೆದಿದೆಯಾ, ಕಾರ್ಡ್‌ಗೆ ಮುಂದೆ ಏನು ಹೇಳಬೇಕು. ಪರದೆ ದೊಡ್ಡದಾದರೂ ಈ ಕೆಲಸ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ನಿಮ್ಮ ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಬರುವ ಫ್ರೇಮ್‌ಗಳ ಸಂಖ್ಯೆ.

ನಿಮ್ಮ ಮಾನಿಟರ್ 60 ಹರ್ಟ್ಸ್. 16.7 ಮಿಲಿಸೆಕೆಂಡಿಗೆ ಒಂದು ಚಿತ್ರ ತೋರಿಸುತ್ತದೆ, ಅಷ್ಟೇ. 12 ಕೋರ್‌ನ ಈ ಪ್ರೊಸೆಸರ್ ಹಾಕಿ ಸೆಕೆಂಡಿಗೆ 250 ಫ್ರೇಮ್ ತಂದರೂ ಕಣ್ಣಿಗೆ ಬೀಳುವುದು 60. ಇದೇ ಮಾನಿಟರ್ ಇಟ್ಟುಕೊಳ್ಳುವುದಾದರೆ ಪಟ್ಟಿಯ ಅರ್ಧಕ್ಕರ್ಧ ವ್ಯರ್ಥ.

ಇನ್ನು 9900ಎಕ್ಸ್. 12 ಕೋರ್ ಇರುವುದು ನಿಜ, ಆದರೆ ಆರಾರು ಕೋರ್‌ನ ಎರಡು ಚಿಪ್ ಜೋಡಿಸಿದ್ದು. ಆಟಗಳು ಸಾಮಾನ್ಯವಾಗಿ ಒಂದೇ ಚಿಪ್ ಮೇಲೆ ಓಡಿದರೆ ಚೆನ್ನ. ವಿಡಿಯೊ ಎಡಿಟಿಂಗ್ ಇದ್ದರೆ 12 ಕೋರ್ ಸರಿ. ಬರೀ ಆಟಕ್ಕೆ 6 ಕೋರ್‌ನ 9600ಎಕ್ಸ್ ಹತ್ತಿರ ಹತ್ತಿರ ಅಷ್ಟೇ ಕೊಡುತ್ತದೆ. ಪ್ಲೇಸ್ಟೇಷನ್ 5, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎರಡರಲ್ಲೂ ಇರುವುದು 8 ಕೋರ್, ಅದೂ 2020ರವು, ಇವತ್ತಿನ ಕೋರ್‌ಗಿಂತ ತುಂಬಾ ನಿಧಾನ. ದೊಡ್ಡ ಆಟಗಳು ತಯಾರಾಗುವುದೇ ಅವನ್ನು ಎದುರಿಗಿಟ್ಟುಕೊಂಡು.

ಫ್ರೇಮ್‌ಬೇಟೆ:
ಹಳೇಹುಲಿ ಅಣ್ಣ, ಅರ್ಧ ಒಪ್ಪುತ್ತೇನೆ. ಅವರು ಕೌಂಟರ್-ಸ್ಟ್ರೈಕ್ ಹೆಸರು ಹೇಳಿದ್ದಾರೆ. ಆ ಆಟದಲ್ಲಿ ಸೆಟ್ಟಿಂಗ್ ಎಲ್ಲ ಇಳಿಸಿ ಆಡುತ್ತಾರೆ. ಆಗ ಕಾರ್ಡ್ ಆರಾಮಾಗಿ ಕೂತಿರುತ್ತದೆ, ಬೆವರುವುದು ಪ್ರೊಸೆಸರ್. ಅಲ್ಲಿ ಎಎಂಡಿಯ ಎಕ್ಸ್3ಡಿ ಹೆಸರಿನ ಚಿಪ್‌ಗೆ ಸಾಟಿಯಿಲ್ಲ.

ಕಾರಣ ಕ್ಯಾಶ್, ಅಂದರೆ ಪ್ರೊಸೆಸರ್ ಒಳಗೇ ಇರುವ ಚುರುಕಾದ ಮೆಮೊರಿ. 7800ಎಕ್ಸ್3ಡಿ, 9800ಎಕ್ಸ್3ಡಿ ಎರಡರಲ್ಲೂ 96 ಎಂಬಿ ಎಲ್3 ಕ್ಯಾಶ್ ಇದೆ. 9600ಎಕ್ಸ್‌ನಲ್ಲಿ 32. ಆಟದ ಲೆಕ್ಕಾಚಾರ ಮೆಮೊರಿಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಹುಡುಕಿಕೊಂಡು ಓಡುತ್ತಿರುತ್ತದೆ. ಬೇಕಾದ್ದು ಕ್ಯಾಶ್‌ನಲ್ಲೇ ಸಿಕ್ಕರೆ ಸರಿ. ಸಿಗದಿದ್ದರೆ ರ‍್ಯಾಮ್ ತನಕ ಹೋಗಬೇಕು, ಅಷ್ಟು ಹೊತ್ತು ಕೋರ್ ಸುಮ್ನೆ ಕಾಯುತ್ತದೆ. ಸರಾಸರಿ ಎಫ್‌ಪಿಎಸ್‌ಗಿಂತ ಅದರ ಗುಣ ಕಾಣುವುದು 1% ಲೋ ಅಂತ ಹೇಳುವ ಸಂಖ್ಯೆಯಲ್ಲಿ, ಅಂದರೆ ಅತಿ ನಿಧಾನವಾದ 1% ಫ್ರೇಮ್‌ಗಳ ವೇಗದಲ್ಲಿ. ಸರಾಸರಿ 200 ಇದ್ದು ನಡುನಡುವೆ 70ಕ್ಕೆ ಬೀಳುವ ಪಿಸಿಗಿಂತ, 160ರಲ್ಲೇ ನಿಂತು 120ಕ್ಕಿಂತ ಕೆಳಗಿಳಿಯದ ಪಿಸಿ ಆಡೋಕೆ ಎಷ್ಟೋ ಮೇಲು. ವಿಮರ್ಶೆಯ ಕಂಬಿ ಚಿತ್ರ ನೋಡುವಾಗ 1% ಲೋ ತೋರಿಸುವ ಆ ಎರಡನೇ ಕಂಬಿ ನೋಡಿ.

ಹಳೇಹುಲಿ:
ಅದು ಸರಿ. ಆದರೆ ಆ ವಿಮರ್ಶೆಗಳಲ್ಲಿ ಪ್ರೊಸೆಸರ್ ಪರೀಕ್ಷೆ ಮಾಡುವಾಗ ಇರುವುದರಲ್ಲೇ ದೊಡ್ಡ ಕಾರ್ಡ್ ಹಾಕಿ 1080ಪಿಯಲ್ಲಿ ಓಡಿಸುತ್ತಾರೆ. ಚಿಪ್‌ಗಳ ನಡುವಿನ ವ್ಯತ್ಯಾಸ ಕಾಣಲಿ ಅಂತ ಬೇಕಂತಲೇ ಹಾಗೆ ಮಾಡುವುದು, ತಪ್ಪಲ್ಲ. ಮಧ್ಯಮ ಕಾರ್ಡ್ ಹಾಕಿ 1440ಪಿಯಲ್ಲಿ ಸೈಬರ್‌ಪಂಕ್ ಆಡಿದರೆ ಆ ಅಂತರ ಬಹುಪಾಲು ಕರಗಿಹೋಗುತ್ತದೆ. ಅವರು ಯಾವುದನ್ನು ಜಾಸ್ತಿ ಆಡುತ್ತಾರೆ ಅನ್ನುವುದು ಮೊದಲು ಗೊತ್ತಾಗಬೇಕು.

ಹೊಸಪೆಟ್ಟಿಗೆ:
ಕೌಂಟರ್-ಸ್ಟ್ರೈಕ್ ಸುಮ್ನೆ ಹರಟೆ ಹೊಡೆಯುತ್ತಾ ಆಡುವುದು. ರ‍್ಯಾಂಕ್ ಗೀಂಕ್ ಏನೂ ಇಲ್ಲ. ಹೆಚ್ಚಿನ ಹೊತ್ತು ಹೋಗುವುದು ಕಥೆ ಇರುವ ದೊಡ್ಡ ಆಟಗಳಲ್ಲಿ. ಚಿತ್ರ ಚೆನ್ನಾಗಿ ಕಾಣಬೇಕು, ಅದೇ ಮುಖ್ಯ. ಮಾನಿಟರ್ ಬದಲಿಸೋಣ ಅಂತಲೂ ಇದೆ, ಆದರೆ ಮುಂದಿನ ವರ್ಷ.

ಸದ್ದಿಲ್ಲ:
ಮುಂದಿನ ವರ್ಷಕ್ಕೆ ಇಡಬೇಡಿ. ಇಷ್ಟು ಭಾಗಗಳಲ್ಲಿ ನೀವು ದಿನಾ ಕಣ್ಣಾರೆ ನೋಡುವುದು ಅದೊಂದನ್ನೇ. 27 ಇಂಚಿನ 1440ಪಿ, 144 ಹರ್ಟ್ಸ್ ಅಥವಾ ಮೇಲೆ, ಐಪಿಎಸ್ ಬಗೆಯ ಪರದೆ. ನಿಮ್ಮ ಬಳಕೆಗೆ ಅದು ಸಾಕು. ಕತ್ತಲ ದೃಶ್ಯದಲ್ಲಿ ಕಪ್ಪು ಗಾಢವಾಗಿ ಕಾಣಬೇಕು ಅಂದರೆ ವಿಎ ಬಗೆಯದು, ಆದರೆ ಅಗ್ಗದ ವಿಎಯಲ್ಲಿ ಓಡುವ ವಸ್ತುಗಳ ಹಿಂದೆ ಮಸಿ ಬಳಿದ ಹಾಗೆ ಕಾಣುತ್ತದೆ. ಓಎಲ್‌ಇಡಿ ಅದ್ಭುತ, ಆದರೆ ಅದೇ ಪರದೆಯಲ್ಲಿ ಇಡೀ ದಿನ ಆಫೀಸ್ ಕೆಲಸ ಮಾಡುವವರಿಗೆ ಅಚ್ಚು ಉಳಿಯುವ ಭಯ ಇದ್ದೇ ಇದೆ.

ಫ್ರೀಸಿಂಕ್ ಅಥವಾ ಜಿ-ಸಿಂಕ್ ಇದೆಯಾ ನೋಡಿ. ಎಫ್‌ಪಿಎಸ್ ಏರಿಳಿದರೂ ಪರದೆ ತನ್ನ ವೇಗವನ್ನು ಅದಕ್ಕೆ ಹೊಂದಿಸಿಕೊಳ್ಳುತ್ತದೆ, ಚಿತ್ರ ನಡುವೆ ಸೀಳಿದ ಹಾಗೆ ಕಾಣುವುದಿಲ್ಲ. ಕಡಿಮೆ ಶಕ್ತಿಯ ಕಾರ್ಡ್ ಇದ್ದವರಿಗೇ ಇದರ ಉಪಯೋಗ ಜಾಸ್ತಿ.

ರಾತ್ರಿಪಾಳಿ:
ನನ್ನ ತಕರಾರು ಬೇರೆ. 8 ಜಿಬಿ ಕಾರ್ಡ್. ಅದನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. ಉಳಿದದ್ದು ಆಮೇಲೆ.

5060 ಟಿಐ ಎರಡು ಬಗೆಯಲ್ಲಿ ಬರುತ್ತದೆ, 8 ಮತ್ತು 16 ಜಿಬಿ. ಪೆಟ್ಟಿಗೆ ಮೇಲೆ ಹೆಸರು ಒಂದೇ, ಒಳಗಿನ ಚಿಪ್ಪೂ ಒಂದೇ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕಥೆಯೂ ಇದೇ. ಎರಡೂ 2025ರಲ್ಲಿ ಬಂದವು. ಹೆಸರು ನೋಡಿ ಕೊಂಡರೆ ಮೋಸ ಹೋಗುತ್ತೀರಿ, ಮೆಮೊರಿ ಎಷ್ಟು ಅನ್ನುವುದನ್ನು ಓದಿಯೇ ಕೊಳ್ಳಿ.

ವಿಡಿಯೊ ಮೆಮೊರಿ ತುಂಬಿದಾಗ ಆಟ ನಿಂತುಹೋಗುವುದಿಲ್ಲ. ಅದಕ್ಕೇ ಇದು ಜನರಿಗೆ ಬೇಗ ಗೊತ್ತಾಗುವುದಿಲ್ಲ. ಮಿಕ್ಕಿದ್ದನ್ನು ಪಿಸಿಯ ರ‍್ಯಾಮ್‌ನಲ್ಲಿಟ್ಟು, ಬೇಕಾದಾಗಲೆಲ್ಲ ಪಿಸಿಐಇ ಅನ್ನುವ, ಕಾರ್ಡ್ ಮತ್ತು ಬೋರ್ಡ್ ನಡುವಿನ ದಾರಿಯಲ್ಲಿ ತರಿಸಿಕೊಳ್ಳುತ್ತದೆ. ಆ ದಾರಿ ಕಾರ್ಡ್‌ನ ಸ್ವಂತ ಮೆಮೊರಿಗಿಂತ ತುಂಬಾ ಇಕ್ಕಟ್ಟು. ಕ್ಯಾಮೆರಾ ತಿರುಗಿಸಿದ ಕೂಡಲೇ ಜರ್ಕ್. ಇನ್ನು ಕೆಲವು ಆಟಗಳು ಜರ್ಕ್ ಕೊಡದೆ ಕದ್ದುಮುಚ್ಚಿ ಟೆಕ್ಸ್ಚರ್ (ಗೋಡೆ, ನೆಲ, ಬಟ್ಟೆಗಳ ಮೇಲೆ ಹೊದಿಸುವ ಚಿತ್ರ) ಗುಣಮಟ್ಟ ಇಳಿಸುತ್ತವೆ. ಎಫ್‌ಪಿಎಸ್ ಸಂಖ್ಯೆ ಚೆನ್ನಾಗಿಯೇ ಇರುತ್ತದೆ, ಗೋಡೆ ಮಾತ್ರ ಮಸುಕು. 5060 ಟಿಐಗೆ ಪಿಸಿಐಇ ಲೇನ್ ಇರುವುದೂ ಎಂಟೇ. ಹಳೆಯ ಪಿಸಿಐಇ 3 ಬೋರ್ಡ್‌ಗೆ ಹಾಕಿದರೆ ಈ ತೊಂದರೆ ಇನ್ನೂ ಜಾಸ್ತಿ.

ಮಜಾ ಏನಂದರೆ, ಟೆಕ್ಸ್ಚರ್ ಹೆಚ್ಚಿಸುವುದು ಕಾರ್ಡ್‌ನ ಲೆಕ್ಕಾಚಾರಕ್ಕೆ ಅಂಥ ಭಾರ ಅಲ್ಲ. ಜಾಗ ಇದ್ದರೆ ಸಾಕು. ನೆರಳು, ಬೆಳಕು ಎಲ್ಲ ಇಳಿಸಿ ಟೆಕ್ಸ್ಚರ್ ಒಂದನ್ನು ಮೇಲಿಟ್ಟರೂ ಆಟ ಚೆಂದ ಕಾಣುತ್ತದೆ. 16 ಜಿಬಿ ಕಾರ್ಡ್ ಹಳೆಯದಾದ ಮೇಲೂ ಕಣ್ಣಿಗೆ ಹಿತವಾಗಿರುವುದು ಇದರಿಂದ. ಅಂದ ಹಾಗೆ ಫ್ರೇಮ್ ಜನರೇಷನ್ (ನಡುವೆ ಊಹೆಯ ಫ್ರೇಮ್ ಸೇರಿಸುವುದು), ರೇ ಟ್ರೇಸಿಂಗ್ (ಬೆಳಕಿನ ಕಿರಣಗಳ ದಾರಿ ಲೆಕ್ಕ ಹಾಕಿ ಬೆಳಕು, ನೆರಳು ಬಿಡಿಸುವುದು) ಎರಡಕ್ಕೂ ತಮ್ಮ ಪಾಲಿನ ಮೆಮೊರಿ ಬೇಕು. ಅಂದರೆ 8 ಜಿಬಿ ಕಾರ್ಡ್‌ನ ಪೆಟ್ಟಿಗೆ ಮೇಲೆ ಜಾಹೀರಾತು ಮಾಡಿದ ಸೌಲಭ್ಯಗಳನ್ನು ಆನ್ ಮಾಡಲು ಅದೇ ಕಾರ್ಡ್‌ನಲ್ಲಿ ಜಾಗ ಸಾಲದು!

ಹೊಸಪೆಟ್ಟಿಗೆ:
ಡಿಎಲ್‌ಎಸ್‌ಎಸ್ ಇದೆಯಲ್ಲ, ಅದು ಹಾಕಿದರೆ ಚಿಕ್ಕ ಕಾರ್ಡ್ ಕೂಡ ಸಾಕು ಅಂತ ವಿಡಿಯೊದಲ್ಲಿ ಹೇಳಿದ್ದರು. ಎನ್‌ವಿಡಿಯಾ ಆರಿಸಿದ್ದೇ ಅದಕ್ಕೆ.

ರಾತ್ರಿಪಾಳಿ:
ಅದರಲ್ಲಿ ಎರಡು ಬೇರೆ ಬೇರೆ ವಿಷಯ ಸೇರಿಕೊಂಡಿವೆ.

ಒಂದು ಅಪ್‌ಸ್ಕೇಲಿಂಗ್. ಕಡಿಮೆ ರೆಸಲ್ಯೂಷನ್‌ನಲ್ಲಿ ಬಿಡಿಸಿ ದೊಡ್ಡದು ಮಾಡುವುದು. 1440ಪಿಯಲ್ಲಿ ಕ್ವಾಲಿಟಿ ಆಯ್ಕೆ ಇಟ್ಟರೆ ಒಳಗೆ ಬಿಡಿಸುವುದು ಸುಮಾರು 1706 x 960. ಇದು ನಿಜಕ್ಕೂ ಉಪಯೋಗ. ಕಣ್ಣಿಗೆ ವ್ಯತ್ಯಾಸ ಅಷ್ಟಾಗಿ ತಿಳಿಯುವುದಿಲ್ಲ, ಫ್ರೇಮ್ ಚೆನ್ನಾಗಿ ಏರುತ್ತದೆ. 1080ಪಿ ಪರದೆಯಲ್ಲಿ ಅದೇ ಆಯ್ಕೆ ಇಟ್ಟರೆ 720ರಿಂದ ಎಳೆದು ದೊಡ್ಡದು ಮಾಡಬೇಕು, ಮೂಲದಲ್ಲೇ ಚುಕ್ಕಿ ಕಡಿಮೆ, ಫಲಿತಾಂಶವೂ ಅಷ್ಟಕ್ಕಷ್ಟೆ.

ಇನ್ನೊಂದು ಫ್ರೇಮ್ ಜನರೇಷನ್. ನಿಜವಾದ ಎರಡು ಫ್ರೇಮ್ ನಡುವೆ ಊಹಿಸಿದ ಫ್ರೇಮ್ ತುರುಕುವುದು. ಎರಡನೆಯದು ತಯಾರಾಗುವ ತನಕ ಕಾಯಬೇಕಲ್ಲ, ಹಾಗಾಗಿ ಮೌಸ್ ಅಲುಗಿಸಿದ್ದು ಪರದೆಗೆ ಬರುವುದು ಸ್ವಲ್ಪ ತಡ. ಮೊದಲೇ 60-70 ಎಫ್‌ಪಿಎಸ್ ಇದ್ದರೆ ಅದನ್ನು ನಯ ಮಾಡಲು ಒಳ್ಳೆಯದು. 25-30 ಇರುವ ಆಟವನ್ನು ಇದರಿಂದ ಉಳಿಸಲು ಆಗಲ್ಲ. ಸಂಖ್ಯೆ 60 ತೋರಿಸುತ್ತದೆ, ಕೈಗೆ 30ರ ಹಾಗೆಯೇ ಅನ್ನಿಸುತ್ತದೆ. ಕಂಪನಿಗಳ ಕಂಬಿ ಚಿತ್ರಗಳಲ್ಲಿ ಹೊಸ ಕಾರ್ಡ್ ಮುಗಿಲು ಮುಟ್ಟಿದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ, ಹೆಚ್ಚಾಗಿ ಕಾರಣ ಇದೇ.

ಎನ್‌ವಿಡಿಯಾನಾ ಎಎಂಡಿನಾ ಅಂದರೆ: ಸೈಬರ್‌ಪಂಕ್‌ನಲ್ಲಿ ಪಾತ್ ಟ್ರೇಸಿಂಗ್ (ರೇ ಟ್ರೇಸಿಂಗ್‌ನ ಇನ್ನೂ ಭಾರದ ರೂಪ) ಆನ್ ಮಾಡಿಯೇ ಆಡಬೇಕು ಅನ್ನುವ ಹಟ ಇದ್ದರೆ ಎನ್‌ವಿಡಿಯಾ. ಡಿಎಲ್‌ಎಸ್‌ಎಸ್ ಇರುವ ಆಟಗಳೂ ಹೆಚ್ಚು. ಇಲ್ಲ ಅಂದರೆ 9060 ಎಕ್ಸ್‌ಟಿ 16 ಜಿಬಿ, ಅಥವಾ ಒಂದು ಮೆಟ್ಟಿಲು ಮೇಲೆ ಆರ್‌ಎಕ್ಸ್ 9070. ಈ ಸಾಲಿನ ಎಎಂಡಿ ಕಾರ್ಡ್‌ಗಳಲ್ಲಿ ಎಎಂಡಿಯದೇ ಅಪ್‌ಸ್ಕೇಲಿಂಗ್ ಆದ ಎಫ್‌ಎಸ್‌ಆರ್ 4 ಇದೆ, ಅದು ಹಳೆಯ ಎಫ್‌ಎಸ್‌ಆರ್‌ಗಿಂತ ಬಹಳ ಸುಧಾರಿಸಿದೆ. ಇಂಟೆಲ್ ಆರ್ಕ್ ಬಿ580 ಕೂಡ 12 ಜಿಬಿಯೊಂದಿಗೆ ಬರುತ್ತದೆ, ಕೈ ಬಿಗಿಯಿದ್ದಾಗ ಒಳ್ಳೆಯ ಆಯ್ಕೆ. ಆದರೆ ಅದಕ್ಕೆ ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡ್‌ನ ಇಡೀ ಮೆಮೊರಿಯನ್ನು ಒಟ್ಟಿಗೆ ಮುಟ್ಟುವ ಸೌಲಭ್ಯ) ಇರುವ ಬೋರ್ಡ್ ಬೇಕೇ ಬೇಕು, ಹಳೆಯ ನಿಧಾನ ಪ್ರೊಸೆಸರ್ ಜೊತೆ ಹಾಕಿದರೆ ಸೊರಗುತ್ತದೆ.

ಪೆಂಗ್ವಿನ್‌ಪ್ರೇಮಿ:
ಲಿನಕ್ಸ್ ಹಾಕುವ ಯೋಚನೆ ಇದ್ದರೆ ಎಎಂಡಿಗೇ ನನ್ನ ಮತ. ಡ್ರೈವರ್ ಕರ್ನಲ್‌ನಲ್ಲೇ ಇರುತ್ತದೆ, ಬೇರೆ ಏನೂ ಹಾಕಬೇಕಿಲ್ಲ. ನೀವು ಹೇಳಿದ ಮೂರೂ ಆಟ ಓಡುತ್ತವೆ. ವ್ಯಾಲರೆಂಟ್ ಮಾತ್ರ ಓಡಲ್ಲ, ಅದರ ಆಂಟಿ-ಚೀಟ್ ಬಿಡಲ್ಲ.

ತಂತಿಮಾಮ:
ಎಲ್ಲರೂ ಕಾರ್ಡ್ ಬಗ್ಗೆಯೇ ಮಾತಾಡುತ್ತಿದ್ದೀರಿ. "ಪವರ್ ಸಪ್ಲೈ ಉಳಿದ ದುಡ್ಡಿನಲ್ಲಿ" ಅಂತ ಬರೆದದ್ದು ಯಾರ ಕಣ್ಣಿಗೂ ಬಿದ್ದಿಲ್ವಾ? ರ‍್ಯಾಮ್‌ಗೆ ಬಣ್ಣದ ದೀಪ, ಪವರ್ ಸಪ್ಲೈಗೆ ಚಿಲ್ಲರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಅಂದ ಹಾಗಾಯಿತು.

80 ಪ್ಲಸ್ ಗೋಲ್ಡ್ ಅನ್ನುವ ಸ್ಟಿಕರ್ ಹೇಳುವುದು ದಕ್ಷತೆಯನ್ನು ಮಾತ್ರ. ಗೋಡೆಯಿಂದ ಎಳೆದದ್ದರಲ್ಲಿ ಎಷ್ಟು ಪಾಲು ಒಳಗೆ ತಲುಪುತ್ತದೆ, ಎಷ್ಟು ಬಿಸಿಯಾಗಿ ಹೋಗುತ್ತದೆ ಅಂತ. ಒಳಗಿನ ಕೆಪಾಸಿಟರ್ ಎಂಥದ್ದು, ಓವರ್‌ಲೋಡ್ ಆದಾಗ ತಾನೇ ಆಫ್ ಆಗುತ್ತದಾ, ವೋಲ್ಟೇಜ್ ಎಷ್ಟು ಅಲ್ಲಾಡುತ್ತದೆ, ಇದ್ಯಾವುದೂ ಸ್ಟಿಕರ್‌ನಲ್ಲಿ ಇರುವುದಿಲ್ಲ. ಬಿಚ್ಚಿ ನೋಡಿ ಪರೀಕ್ಷೆ ಮಾಡಿದವರ ವಿಮರ್ಶೆ ಓದಿ, ವಾರಂಟಿ ಎಷ್ಟು ವರ್ಷ ನೋಡಿ. ತಯಾರಿಸಿದವರಿಗೇ ನಂಬಿಕೆ ಇದ್ದರೆ ಏಳು, ಹತ್ತು ವರ್ಷ ಕೊಡುತ್ತಾರೆ.

ವ್ಯಾಟ್ ಲೆಕ್ಕ ಸುಲಭ. 9070 ಕಾರ್ಡ್ 220 ವ್ಯಾಟ್. 9600ಎಕ್ಸ್ ಪೂರ್ತಿ ದುಡಿದರೂ 88. ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಸೇರಿ ಇನ್ನೊಂದು 50-60 ಇಟ್ಟುಕೊಳ್ಳಿ. 400ರ ಒಳಗೆ ಮುಗಿಯಿತು. ಆದರೆ ಕಾರ್ಡ್‌ಗಳು ಕ್ಷಣಮಾತ್ರ ಅದಕ್ಕಿಂತ ಎಷ್ಟೋ ಜಾಸ್ತಿ ಎಳೆಯುತ್ತವೆ. ಒಳ್ಳೆಯ 650 ಸಾಕು. ಮುಂದೆ ಕಾರ್ಡ್ ಬದಲಿಸುವ ಆಸೆ ಇದ್ದರೆ 750. ಎಟಿಎಕ್ಸ್ 3.1 ಅಂತ ಇದ್ದರೆ ಆ ಕ್ಷಣದ ಎಳೆತಕ್ಕೂ ಲೆಕ್ಕ ಇಟ್ಟಿದ್ದಾರೆ ಅಂತ ಅರ್ಥ.

ಇನ್ನೊಂದು ಮಾತು, ದಯವಿಟ್ಟು ನೆನಪಿಡಿ. ಮಾಡ್ಯುಲರ್ (ಕೇಬಲ್ ಬಿಚ್ಚಿ ತೆಗೆಯಬಹುದಾದ) ಪವರ್ ಸಪ್ಲೈನ ಕೇಬಲ್‌ಗಳನ್ನು ಬೇರೆ ಪವರ್ ಸಪ್ಲೈಗೆ ಹಾಕಲೇಬಾರದು. ತುದಿ ಸರಿಯಾಗಿ ಕೂರುತ್ತದೆ, ಆದರೆ ಸಪ್ಲೈ ಕಡೆಯ ಪಿನ್ ಜೋಡಣೆ ಒಂದೊಂದು ಕಂಪನಿಯದು ಒಂದೊಂದು ತರ. 5 ವೋಲ್ಟ್ ಬರಬೇಕಾದ ಕಡೆ 12 ಬಂದರೆ ಡ್ರೈವ್ ಸುಟ್ಟೇ ಹೋಗುತ್ತದೆ. ಹಳೇ ಕೇಬಲ್ ಚೆನ್ನಾಗಿದೆ ಅಂತ ಉಳಿಸಿಕೊಳ್ಳಬೇಡಿ.

ಫ್ರೇಮ್‌ಬೇಟೆ:
ಮಾಮ, ಕರಗುವ ಕನೆಕ್ಟರ್ ವಿಷಯ?

ತಂತಿಮಾಮ:
ಅದು 2022ರಲ್ಲಿ ಆರ್‌ಟಿಎಕ್ಸ್ 4090 ಜೊತೆ ಸುದ್ದಿಯಾದ 16 ಪಿನ್ ಕನೆಕ್ಟರ್. ಆಮೇಲೆ ಪಿನ್ ಉದ್ದ ಬದಲಿಸಿ 12ವಿ-2x6 ಅಂತ ತಂದರು. ನೂರಾರು ವ್ಯಾಟ್ ಎಳೆಯುವ ದೊಡ್ಡ ಕಾರ್ಡ್‌ಗಳಿಗೆ ಆ ಚಿಂತೆ ಹೆಚ್ಚು. ಇವರು ನೋಡುತ್ತಿರುವ ವರ್ಗದಲ್ಲಿ ಹಳೆಯ 8 ಪಿನ್ ಇರುವ ಕಾರ್ಡ್‌ಗಳು ಬೇಕಾದಷ್ಟಿವೆ. ಯಾವುದೇ ಇರಲಿ, ಪೂರ್ತಿ ಒಳಗೆ ಹೋಗುವ ತನಕ ಒತ್ತಿ, ಬುಡದಲ್ಲೇ ಕೇಬಲ್ ಮಡಚಬೇಡಿ.

ಹಳೇಹುಲಿ:
ರ‍್ಯಾಮ್‌ಗೆ ಬರೋಣ. ನಾಲ್ಕು ಸ್ಟಿಕ್ ಬೇಡವೇ ಬೇಡ. ಎಎಂ5ನಲ್ಲಿ (ಈ ರೈಜನ್‌ಗಳು ಕೂರುವ ಸಾಕೆಟ್) ಎರಡು ಸ್ಟಿಕ್ ಹಾಕಿದರೆ 9000 ಸರಣಿಗೆ ಎಎಂಡಿ ಅಧಿಕೃತವಾಗಿ ಹೇಳುವ ವೇಗ 5600. ನಾಲ್ಕು ಹಾಕಿದರೆ ಅದೇ 3600ಕ್ಕೆ ಇಳಿಯುತ್ತದೆ. ಅದಕ್ಕಿಂತ ಮೇಲೆ ಓಡಿದರೆ ನಿಮ್ಮ ಅದೃಷ್ಟ. 16ರ ಎರಡು ಸ್ಟಿಕ್, ವೇಗ 6000, ಸಿಎಲ್30 (ಉತ್ತರ ಕೊಡಲು ಹಿಡಿಯುವ ಹೊತ್ತಿನ ಸಂಖ್ಯೆ, ಕಡಿಮೆ ಇದ್ದಷ್ಟು ಒಳ್ಳೆಯದು), ಎಕ್ಸ್‌ಪೋ (ಆ ವೇಗವನ್ನು ಒಂದೇ ಸಲ ಹೊಂದಿಸುವ ಎಎಂಡಿ ಸೌಲಭ್ಯ) ಇರುವಂಥದ್ದು. ಆಟಕ್ಕೆ 32 ಜಿಬಿ ಧಾರಾಳ.

ಹಾಕಿದ ಮೇಲೆ ಬಯೋಸ್‌ಗೆ (ಬೋರ್ಡ್‌ನ ಒಳಗಿನ ಸೆಟ್ಟಿಂಗ್ ಸಾಫ್ಟ್‌ವೇರ್) ಹೋಗಿ ಎಕ್ಸ್‌ಪೋ ಆನ್ ಮಾಡಬೇಕು. ಇಲ್ಲದಿದ್ದರೆ 6000ದ ರ‍್ಯಾಮ್ 4800ರಲ್ಲೋ 5600ರಲ್ಲೋ ಓಡುತ್ತಾ ಕೂತಿರುತ್ತದೆ. ಎಷ್ಟು ಜನ ವರ್ಷಗಟ್ಟಲೆ ಹಾಗೇ ಆಡುತ್ತಿದ್ದಾರೋ.

ಹೊಸಪೆಟ್ಟಿಗೆ:
ರ‍್ಯಾಮ್ ಬೆಲೆ ಹೋದ ಸಲ ನೋಡಿದ್ದಕ್ಕೂ ಈಗಿನದಕ್ಕೂ ಸಂಬಂಧವೇ ಇಲ್ಲ. ಒಂದು 16 ಸ್ಟಿಕ್ ಈಗ ಹಾಕಿ ಇನ್ನೊಂದು ಆಮೇಲೆ ಹಾಕಿದರೆ ಆಗಲ್ವಾ?

ರಾತ್ರಿಪಾಳಿ:
2025ರ ಕೊನೆಯಿಂದ ಏರುತ್ತಿರುವುದು ನಿಜ. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ ಬಾಚಿಕೊಳ್ಳುತ್ತಿವೆ. ತಯಾರಕರು ಅತ್ತ ಕಡೆ ವಾಲಿದ್ದಾರೆ. ಮೈಕ್ರಾನ್ ಅಂತೂ ತನ್ನ ಕ್ರೂಷಿಯಲ್ ಹೆಸರಿನ ಗ್ರಾಹಕ ವ್ಯಾಪಾರ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು.

ಒಂದೇ ಸ್ಟಿಕ್ ಹಾಕಿದರೆ ಮೆಮೊರಿಯ ಎರಡು ದಾರಿಯಲ್ಲಿ ಒಂದು ಮುಚ್ಚಿದ ಹಾಗೆ. ಪ್ರೊಸೆಸರ್ ಬೆವರುವ ಆಟಗಳಲ್ಲಿ ಪೆಟ್ಟು ಗೊತ್ತಾಗುತ್ತದೆ. ಆಮೇಲೆ ತಂದ ಸ್ಟಿಕ್ ಇದರ ಜೊತೆ 6000ದಲ್ಲಿ ಹೊಂದಿಕೊಂಡೇ ಹೊಂದುತ್ತದೆ ಅನ್ನುವ ಹಾಗೂ ಇಲ್ಲ. ನಿಜಕ್ಕೂ ಆಗದಿದ್ದರೆ 8ರ ಎರಡು ಹಾಕಿ ಸದ್ಯಕ್ಕೆ ಓಡಿಸಿ. ಬ್ರೌಸರ್ ಮುಚ್ಚಿಟ್ಟು ಆಡಬೇಕು, ಅಷ್ಟೇ.

ಹಳೇಹುಲಿ:
16ಕ್ಕೆ ಇಳಿಯಬೇಡಿ ಅಂತ ನಾನು ಹೇಳುತ್ತೇನೆ. ಬೇರೆ ಕಡೆ ಉಳಿಸಲು ಎಷ್ಟೊಂದಿದೆ! ಎಕ್ಸ್870ಇ ಬೋರ್ಡ್ ಯಾಕೆ? ಅದರಲ್ಲಿ ಜಾಸ್ತಿ ಸಿಗುವುದು ಯುಎಸ್‌ಬಿ4, ಹೆಚ್ಚಿನ ಎಂ.2 ಸ್ಲಾಟ್, ಪಿಸಿಐಇ 5 ಲೇನ್. ಒಂದು ಫ್ರೇಮೂ ಜಾಸ್ತಿ ಬರಲ್ಲ. ಬಿ650 ಅಥವಾ ಬಿ850 ತಗೊಳ್ಳಿ. ಹಿಂದೆ ಯುಎಸ್‌ಬಿ ಎಷ್ಟಿವೆ, ವೈಫೈ ಇದೆಯಾ, ವಿಆರ್‌ಎಂ (ಪ್ರೊಸೆಸರ್‌ಗೆ ವಿದ್ಯುತ್ ಹದಮಾಡಿ ಕೊಡುವ ಭಾಗ) ಮೇಲೆ ಹೀಟ್‌ಸಿಂಕ್ ಇದೆಯಾ, ಬಯೋಸ್ ಫ್ಲ್ಯಾಶ್‌ಬ್ಯಾಕ್ ಗುಂಡಿ ಇದೆಯಾ ನೋಡಿ. ಆ ಗುಂಡಿ ಮುಖ್ಯ. ಬಿ650 ಬೋರ್ಡ್ 9000 ಸರಣಿಗಿಂತ ಹಳೆಯದು. ಅಂಗಡಿಯಲ್ಲಿ ಹಳೇ ಬಯೋಸ್‌ನೊಂದಿಗೇ ಕೂತಿದ್ದರೆ 9600ಎಕ್ಸ್ ಹಾಕಿದಾಗ ಆನ್ ಆಗುವುದಿಲ್ಲ. ಆಗ ಪೆನ್‌ಡ್ರೈವ್‌ನಿಂದ ಅಪ್‌ಡೇಟ್ ಮಾಡಲು ಅದೇ ಸುಲಭದ ದಾರಿ.

360 ಲಿಕ್ವಿಡ್ ಕೂಲರ್ ಕೂಡ ಹಾಗೇ. ಪೂರ್ತಿ ದುಡಿದರೂ 88 ವ್ಯಾಟ್ ಎಳೆಯುವ ಚಿಪ್‌ಗೆ ಅದು ಯಾಕೆ?

ಸದ್ದಿಲ್ಲ:
ಕೂಲರ್ ನನ್ನ ವಿಷಯ. ಒಂದು ಗೋಪುರದ ಏರ್ ಕೂಲರ್, 120 ಎಂಎಂ ಫ್ಯಾನ್. ಸಾಕು. ಅದರಲ್ಲಿ ಕೆಡುವುದು ಫ್ಯಾನ್ ಒಂದೇ, ಬದಲಿಸಿದರೆ ಮತ್ತೆ ಹೊಸದು. ಲಿಕ್ವಿಡ್‌ನಲ್ಲಿ ಪಂಪ್ ಹೋದರೆ ಇಡೀ ಕೂಲರ್ ಹೋಯಿತು. ಒಂದು ಗಮನ: 9600ಎಕ್ಸ್ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ. ಹಿಂದಿನ ಸರಣಿಯ 7600ರಲ್ಲಿ ಚಿಕ್ಕದೊಂದು ಬರುತ್ತದೆ. ಕೆಲಸ ನಡೆಯುತ್ತದೆ, ಗಲಾಟೆ ಮಾತ್ರ ಜಾಸ್ತಿ.

ಕ್ಯಾಬಿನೆಟ್ ಮುಂದೆ ಗಾಜು ಬೇಡ, ಜಾಲರಿ ಇರಲಿ. ಕಾರ್ಡ್‌ಗೆ ತಣ್ಣನೆ ಗಾಳಿ ಸಿಕ್ಕರೆ ಅದರ ಫ್ಯಾನ್ ನಿಧಾನ ತಿರುಗುತ್ತದೆ, ಸದ್ದು ತಾನಾಗಿ ಇಳಿಯುತ್ತದೆ. ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಮೂರು ಫ್ಯಾನ್‌ನ ಹಲವು ಕಾರ್ಡ್‌ಗಳು 300 ಎಂಎಂ ಉದ್ದ ದಾಟುತ್ತವೆ, ಏರ್ ಕೂಲರ್ 155-160 ಎಂಎಂ ಎತ್ತರ ಇರುತ್ತದೆ. ಕ್ಯಾಬಿನೆಟ್ ವಿವರದಲ್ಲಿ ಈ ಎರಡೂ ಅಳತೆ ನೋಡದೆ ದುಡ್ಡು ಕೊಡಬೇಡಿ.

ಹೊಸಪೆಟ್ಟಿಗೆ:
ಎಸ್‌ಎಸ್‌ಡಿ? ಅದಾದರೂ ಸರಿ ಇದೆಯಾ?

ರಾತ್ರಿಪಾಳಿ:
2 ಟಿಬಿ ಸರಿ. ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಕೇಳುತ್ತದೆ. ಆದರೆ ಪಿಸಿಐಇ 4 ಸಾಕು, ಸೆಕೆಂಡಿಗೆ 7000 ಎಂಬಿ ಓದುತ್ತದೆ. ಪಿಸಿಐಇ 5ರದ್ದು ಅದರ ಎರಡರಷ್ಟು ಓದುವುದು ನಿಜ, ಆಟ ಲೋಡ್ ಆಗುವಾಗ ಮಾತ್ರ ಆ ವ್ಯತ್ಯಾಸ ನಿಮಗೆ ತಿಳಿಯುವುದೇ ಇಲ್ಲ. ಬಿಸಿ ಜಾಸ್ತಿ. ಸಾಧ್ಯವಾದರೆ ಟಿಎಲ್‌ಸಿ ಬಗೆಯ ಮೆಮೊರಿ ಚಿಪ್ ಇರುವುದನ್ನು ಆರಿಸಿ. ಅಗ್ಗದ ಕ್ಯೂಎಲ್‌ಸಿ ಬಗೆಯ ಡ್ರೈವ್ ತುಂಬುತ್ತಾ ಬಂದ ಹಾಗೆ ದೊಡ್ಡ ಫೈಲ್ ಬರೆಯುವಾಗ ಕುಸಿಯುತ್ತದೆ.

ಅಳೆದುಸುರಿದು:
ನಡುವೆ ಬಾಯಿ ಹಾಕುತ್ತೇನೆ. ಇಂಟೆಲ್ ಹೆಸರು ಯಾರೂ ಎತ್ತಲಿಲ್ಲ. ಸೆಕೆಂಡ್ ಹ್ಯಾಂಡ್‌ನಲ್ಲಿ 13, 14ನೇ ತಲೆಮಾರಿನ ಐ7 ಒಳ್ಳೆಯ ಬೆಲೆಗೆ ಸಿಗುತ್ತಿವೆ.

ಹಳೇಹುಲಿ:
ಸಿಗುತ್ತವೆ, ಯಾಕೆ ಸಿಗುತ್ತವೆ ಅನ್ನುವುದನ್ನೂ ನೋಡಿ. ಆ ಎರಡು ತಲೆಮಾರಿನ ದೊಡ್ಡ ಚಿಪ್‌ಗಳಲ್ಲಿ ವೋಲ್ಟೇಜ್ ಜಾಸ್ತಿ ಹೋಗಿ ಕಾಲಕ್ರಮೇಣ ಅಸ್ಥಿರವಾಗುವ ತೊಂದರೆ ಇತ್ತು. ಇಂಟೆಲ್ 2024ರಲ್ಲಿ ಅದನ್ನು ಒಪ್ಪಿಕೊಂಡು ಮೈಕ್ರೋಕೋಡ್ (ಚಿಪ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಕೊಟ್ಟಿತು, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಪ್‌ಡೇಟ್ ಮುಂದಾಗುವುದನ್ನು ತಡೆಯುತ್ತದೆ. ಈಗಾಗಲೇ ಹಾಳಾಗಿದ್ದರೆ ಸರಿ ಮಾಡುವುದಿಲ್ಲ. ಹಿಂದಿನ ಮಾಲೀಕ ಹೇಗೆ ಓಡಿಸಿದ ಅಂತ ನಿಮಗೆ ಗೊತ್ತಾಗುವುದು ಹೇಗೆ? 12ನೇ ತಲೆಮಾರಿನದಾದರೆ ಈ ಭಯ ಇಲ್ಲ. ಹೊಸ ಕೋರ್ ಅಲ್ಟ್ರಾ 200 ಸಾಲು ಕೆಲಸಕ್ಕೆ ಚೆನ್ನಾಗಿದೆ, ಆಟದಲ್ಲಿ ಎಕ್ಸ್3ಡಿಗಿಂತ ಹಿಂದೆ.

ಎಎಂ5ಗೆ ನಾನು ಒತ್ತು ಕೊಡಲು ಇನ್ನೊಂದು ಕಾರಣ ಇದೆ. 2027ರ ತನಕ, ಅದರಾಚೆಗೂ ಈ ಸಾಕೆಟ್‌ಗೆ ಬೆಂಬಲ ಕೊಡುತ್ತೇವೆ ಅಂತ ಎಎಂಡಿ ಹೇಳಿದೆ. ಈಗ 9600ಎಕ್ಸ್ ಹಾಕಿ. ಮುಂದೆ ಬೇಕು ಅನ್ನಿಸಿದರೆ ಅದೇ ಬೋರ್ಡ್‌ಗೆ ಎಕ್ಸ್3ಡಿ. ಫ್ರೇಮ್‌ಬೇಟೆಗೂ ಸಮಾಧಾನ.

ಫ್ರೇಮ್‌ಬೇಟೆ:
ಪೂರ್ತಿ ಸಮಾಧಾನ ಇಲ್ಲ, ಆದರೂ ಸರಿ. ಸೆಕೆಂಡ್ ಹ್ಯಾಂಡ್ ಕಾರ್ಡ್ ಬಗ್ಗೆಯೂ ಒಂದು ಮಾತು. ಈಗಿನ ಕೆಲವು ಆಟಗಳು ರೇ ಟ್ರೇಸಿಂಗ್ ಹಾರ್ಡ್‌ವೇರ್ ಇಲ್ಲದೆ ಶುರುವೇ ಆಗುವುದಿಲ್ಲ. 2025ರ ಡೂಮ್: ದಿ ಡಾರ್ಕ್ ಏಜಸ್ ಹಾಗೆ. ಜಿಟಿಎಕ್ಸ್ 1080 ಟಿಐ, ಆರ್‌ಎಕ್ಸ್ 5700 ಎಕ್ಸ್‌ಟಿ ಎಷ್ಟು ಅಗ್ಗಕ್ಕೆ ಬಂದರೂ ಈಗ ಹೊಸದಾಗಿ ಕೊಳ್ಳಬೇಡಿ.

ಹೊಸಪೆಟ್ಟಿಗೆ:
ಕೂತು ಮತ್ತೆ ಲೆಕ್ಕ ಹಾಕಿದೆ. 9600ಎಕ್ಸ್, ಬಿ850 ಬೋರ್ಡ್, ಏರ್ ಕೂಲರ್, 16ರ ಎರಡು ಸ್ಟಿಕ್ ದೀಪ ಇಲ್ಲದ್ದು, ಪಿಸಿಐಇ 4 ಎಸ್‌ಎಸ್‌ಡಿ, 750 ವ್ಯಾಟ್ ಪವರ್ ಸಪ್ಲೈ, ಜಾಲರಿ ಕ್ಯಾಬಿನೆಟ್. ಕಾರ್ಡ್ ಆರ್‌ಎಕ್ಸ್ 9070, 16 ಜಿಬಿ. ಮೊದಲಿನ ಮೊತ್ತದಲ್ಲೇ 27 ಇಂಚಿನ 1440ಪಿ ಮಾನಿಟರ್ ಕೂಡ ಬರುವ ಹಾಗೆ ಕಾಣುತ್ತದೆ. ನಂಬೋಕೇ ಆಗ್ತಿಲ್ಲ. ಒಂದೊಂದಾಗಿ ಕೊಳ್ಳಲೋ, ಒಟ್ಟಿಗೋ?

ತಂತಿಮಾಮ:
ಒಟ್ಟಿಗೆ. ಕ್ಯಾಬಿನೆಟ್ ಮೊದಲು ಕೊಂಡು ಬೋರ್ಡ್ ಆಮೇಲೆ ಕೊಂಡರೆ, ಬೋರ್ಡ್ ಬರುವಷ್ಟರಲ್ಲಿ ಹಿಂದಿರುಗಿಸುವ ಅವಧಿ ಮುಗಿದಿರುತ್ತದೆ. ಪರೀಕ್ಷೆ ಮಾಡದ ಭಾಗ ಕೆಟ್ಟಿದೆಯೋ ಚೆನ್ನಾಗಿದೆಯೋ ಯಾರಿಗೆ ಗೊತ್ತು. ಮಾನಿಟರ್ ಒಂದನ್ನು ಮೊದಲೇ ತಗೊಳ್ಳಬಹುದು, ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ನೋಡಬಹುದಲ್ಲ.

ಸದ್ದಿಲ್ಲ:
ಜೋಡಿಸುವಾಗ: ರ‍್ಯಾಮ್ ಹಾಕುವುದು ಪ್ರೊಸೆಸರ್‌ನಿಂದ ಎಣಿಸಿ 2ನೇ ಮತ್ತು 4ನೇ ಸ್ಲಾಟ್‌ಗೆ. ಕೂಲರ್ ತಳದ ಪ್ಲಾಸ್ಟಿಕ್ ಹಾಳೆ ಕಿತ್ತು ಹಾಕಿ. ಮಾನಿಟರ್ ಕೇಬಲ್ ಕಾರ್ಡ್‌ಗೆ, ಬೋರ್ಡ್‌ಗೆ ಅಲ್ಲ. ಮೊದಲ ಸಲ ಆನ್ ಮಾಡಿದಾಗ ಎಎಂ5 ಬೋರ್ಡ್ ರ‍್ಯಾಮ್ ಹೊಂದಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಪರದೆ ಕಪ್ಪಗೇ ಇರುತ್ತದೆ. ಗಾಬರಿಯಾಗಿ ಆಫ್ ಮಾಡಬೇಡಿ.

ಹೊಸಪೆಟ್ಟಿಗೆ:
ಕಟ್ಟಿ ಮುಗಿಸಿದೆ! ಕಪ್ಪು ಪರದೆ ವಿಷಯ ಇಲ್ಲಿ ಓದಿರದಿದ್ದರೆ ಖಂಡಿತ ಬಿಚ್ಚಿಬಿಡುತ್ತಿದ್ದೆ. ಎಕ್ಸ್‌ಪೋ ಆನ್ ಆಗಿದೆ, ಮಾನಿಟರ್ 165ರಲ್ಲಿದೆ. ಸೈಬರ್‌ಪಂಕ್ ಕಣ್ಣಿಗೆ ಹಬ್ಬ. ಒಂದೇ ಅನುಮಾನ. ಬಾಲ್ಡರ್ಸ್ ಗೇಟ್ 3ರ ಕೊನೆಯ ಭಾಗದಲ್ಲಿ ನಗರದೊಳಗೆ ಹೋದ ಕೂಡಲೇ ಎಫ್‌ಪಿಎಸ್ ಇಳಿಯುತ್ತದೆ. ಗ್ರಾಫಿಕ್ಸ್ ಎಲ್ಲ ಕಡಿಮೆ ಮಾಡಿದರೂ ಏರುವುದಿಲ್ಲ. ಕಾರ್ಡ್ ಬಳಕೆ 60% ಹತ್ತಿರ ತೋರಿಸುತ್ತದೆ. ಕಾರ್ಡ್‌ನಲ್ಲಿ ದೋಷ ಇದೆಯಾ?

ಫ್ರೇಮ್‌ಬೇಟೆ:
ಕಾರ್ಡ್ ಚೆನ್ನಾಗಿದೆ ಗುರು. ಅದು ಕಾಯುತ್ತಿದೆ, ಅಷ್ಟೇ. ಸೆಟ್ಟಿಂಗ್ ಇಳಿಸಿದರೂ ಫ್ರೇಮ್ ಏರದಿದ್ದರೆ ಪ್ರೊಸೆಸರ್ ಮಿತಿ ಮುಟ್ಟಿದೆ ಅಂತ ಲೆಕ್ಕ. ಆ ನಗರದಲ್ಲಿ ನೂರಾರು ಜನ ಓಡಾಡುತ್ತಿರುತ್ತಾರೆ, ಅವರೆಲ್ಲರ ಲೆಕ್ಕ ಅದರ ಮೇಲೆಯೇ. ನಾನು ಎಕ್ಸ್3ಡಿ ಅಂತ ಬಡಿದುಕೊಂಡಿದ್ದು ಇಂಥ ಜಾಗಕ್ಕೆ.

ಹಳೇಹುಲಿ:
ಇಡೀ ಆಟದಲ್ಲಿ ಒಂದು ನಗರ. ಅದಕ್ಕಾಗಿ ಕಾರ್ಡ್ ಚಿಕ್ಕದು ಮಾಡಬೇಕಿತ್ತಾ? ಎಷ್ಟು ಬರುತ್ತಿದೆ ಹೇಳಿ.

ಹೊಸಪೆಟ್ಟಿಗೆ:
ಜನ ಜಾಸ್ತಿ ಇರುವ ಕಡೆ 75-80. ಬೇರೆ ಕಡೆ 120ರ ಮೇಲೆ.

ಫ್ರೇಮ್‌ಬೇಟೆ:
ಅದು ಕೆಟ್ಟದ್ದಲ್ಲ. ಕಿರಿಕಿರಿ ಆಗುವುದು ಏರಿಳಿತದಿಂದ. ಮೊದಲು ಫ್ರೀಸಿಂಕ್ ಆನ್ ಇದೆಯಾ ನೋಡಿ, ಮಾನಿಟರ್‌ನ ಸ್ವಂತ ಮೆನುವಿನಲ್ಲೂ, ಎಎಂಡಿ ಸಾಫ್ಟ್‌ವೇರ್‌ನಲ್ಲೂ. ಆಮೇಲೆ ನಗರದಲ್ಲಿರುವಷ್ಟು ದಿನ ಎಫ್‌ಪಿಎಸ್ ಮಿತಿಯನ್ನು 75ಕ್ಕೆ ಇಟ್ಟುಬಿಡಿ. ಕಡಿಮೆ ಮಾಡಿದ ಗ್ರಾಫಿಕ್ಸ್ ಎಲ್ಲ ವಾಪಸ್ ಮೇಲೆ ಏರಿಸಿ, ಕಾರ್ಡ್ ಹೇಗೂ ಖಾಲಿ ಕೂತಿದೆಯಲ್ಲ. ಸೈಬರ್‌ಪಂಕ್‌ನಲ್ಲಿ ಇದೇ ತರ ಆದರೆ ಅಲ್ಲಿ ಕ್ರೌಡ್ ಡೆನ್ಸಿಟಿ ಅಂತ ಒಂದು ಆಯ್ಕೆ ಇದೆ, ಅದನ್ನು ಒಂದು ಹಂತ ಇಳಿಸಿ.